ತಮ್ಮನ ಹೆಂಡತಿ ಪ್ರಸಾದಕ್ಕೆ ಏಳುತ್ತಿಲ್ಲ, ನನ್ನ ಬಾಯಿಯೇ ಕಾರಣ. ಏನು ಮಾಡಲಿ?

ಕಾಳಿದಂಡೆ:

ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಹೆಸರು ಹಾಕುವುದಿಲ್ಲ. ಕಾರವಾರದ ಹತ್ತಿರದವಳು, ಕೊಂಕಣಿ ಮಾತಾಡುವ ಕ್ಯಾಥೋಲಿಕ್ ಮನೆ ನಮ್ಮದು, ಅಷ್ಟು ಸಾಕು. ಮನೆಯಲ್ಲಿ ಅಮ್ಮ, ತಮ್ಮ, ತಮ್ಮನ ಹೆಂಡತಿ, ನಾಲ್ಕು ತುಂಬುತ್ತಿರುವ ಅವರ ಮಗಳು. ನನ್ನನ್ನು ಕೊಟ್ಟಿದ್ದು ಎರಡೇ ಮನೆ ಆಚೆ, ಹಾಗಾಗಿ ದಿನಕ್ಕೆ ಎರಡು ಸಲ ಅಲ್ಲಿ ಹಣಕಿ ಬರದಿದ್ದರೆ ನನಗೆ ಸಮಾಧಾನ ಇಲ್ಲ.

ಮೂರು ವರ್ಷದ ಹಿಂದೆ, ಮಗಳಿಗೆ ಆಗ ಎಂಟು ತಿಂಗಳು, ಸಿಸೇರಿಯನ್ ಹೆರಿಗೆ ಬೇರೆ, ಇವಳಿಗೆ ಮತ್ತೆ ಮುಟ್ಟು ನಿಂತಿತು. ತಮ್ಮ ಗೋವಾದಲ್ಲಿ ಹೋಟೆಲ್ ಕೆಲಸದಲ್ಲಿದ್ದ, ಅದೂ ಹೋಗಿತ್ತು. ಅಮ್ಮ "ಈಗ ಬೇಡ" ಅಂದರಂತೆ. ತಮ್ಮ ಬೇರೆ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎರಡನೇ ತಿಂಗಳಲ್ಲೇ ಗರ್ಭ ತೆಗೆಸಿಕೊಂಡು ಬಂದ. ನನಗೆ ಹೇಳಿದ್ದು ಮಾತ್ರ "ಸುಮ್ನೆ ಹೊಟ್ಟೆನೋವು" ಅಂತ.

ಹೋದ ವರ್ಷ ತಪಸ್ಸುಕಾಲದಲ್ಲಿ, ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಲ್ಲಿ, ಒಂದು ಶುಕ್ರವಾರ ಹಿತ್ತಲಲ್ಲಿ ಕೂತು ತಾರ್ಲೆ ಮೀನು ಸರಿ ಮಾಡುತ್ತಿದ್ದೆವು. ಮೆಟ್ಟುಗತ್ತಿ ಅವಳ ಕಾಲಡಿ ಇತ್ತು. ಏನೋ ಮಾತಾಡುತ್ತಾ ಆಡುತ್ತಾ ತಾನಾಗಿ ಹೇಳಿದಳು. ನಾನು ಏನಂದೆ ಗೊತ್ತಾ? "ಅದು ಕೊಲೆ ಅಲ್ವಾ? ಅದಕ್ಕೆ ಬಹಿಷ್ಕಾರ ಇದೆ, ಅಷ್ಟೂ ಗೊತ್ತಿಲ್ವಾ ನಿನಗೆ?" ಅಂದೆ. (ಬಹಿಷ್ಕಾರ ಅಂದರೆ ಪ್ರಸಾದ ಕೂಡ ತೆಗೆದುಕೊಳ್ಳದ ಹಾಗೆ ಚರ್ಚು ಹೊರಗಿಡುವ ಶಿಕ್ಷೆ.) ಅವಳು ಉತ್ತರ ಕೊಡಲಿಲ್ಲ. ಉಳಿದ ಮೀನನ್ನು ಒಂದೊಂದಾಗಿ ಸರಿ ಮಾಡಿ, ತೊಳೆದು, ಉಪ್ಪು ಸವರಿ ಒಳಗೆ ಹೋದಳು.

ಅವತ್ತಿನಿಂದ ಚರ್ಚಿನ ಪೂಜೆಗೆ ಬರುತ್ತಾಳೆ, ಪ್ರಸಾದಕ್ಕೆ, ಅಂದರೆ ಫಾದರ್ ಕೊಡುವ ಪವಿತ್ರ ರೊಟ್ಟಿಗೆ, ಏಳುವುದಿಲ್ಲ. ನಾವೆಲ್ಲ ಒಂದೇ ಬೆಂಚು. ಅವಳು ಬೇಕಂತಲೇ ದಾರಿ ಕಡೆಯ ತುದಿಯಲ್ಲಿ ಕೂರುತ್ತಾಳೆ. ಸಾಲು ಶುರುವಾದಾಗ ಮೊಣಕಾಲು ಓರೆ ಮಾಡಿ ದಾರಿ ಬಿಡುತ್ತಾಳೆ. ತಮ್ಮ, ಅಮ್ಮ, ನಾನು, ನನ್ನ ಗಂಡ ಅವಳ ಕಾಲು ದಾಟಿ ಹೋಗಿ ಪ್ರಸಾದ ತೆಗೆದುಕೊಂಡು, ವಾಪಸ್ ಬರುವಾಗಲೂ ದಾಟಿಕೊಂಡೇ ಬರುತ್ತೇವೆ. ಹೆಚ್ಚುಕಮ್ಮಿ ಎರಡು ವರ್ಷ ಆಯಿತು. ವಾಡೆಯಲ್ಲಿ, ಅಂದರೆ ನಮ್ಮ ಕೇರಿಯಲ್ಲಿ, ಒಂದಿಬ್ಬರಿಗೆ ವಿಷಯ ಹೇಗೋ ಹೋಗಿದೆ. ಈ ಅಕ್ಟೋಬರ್‌ನಲ್ಲಿ ಜಪಮಾಲೆಗೆ ನಮ್ಮ ಮನೆಗೆ ಬಂದಾಗ ಒಬ್ಬಾಕೆ "ಹುಟ್ಟುವ ಮೊದಲೇ ಕೊಂದ ಶಿಶುಗಳಿಗಾಗಿ" ಅಂತ ಗಟ್ಟಿಯಾಗಿ ಬಿನ್ನಹ ಇಟ್ಟಳು, ಇವಳ ಕಡೆ ನೋಡಿಕೊಂಡೇ. ಇವಳು ಎದ್ದು ಚಾ ಇಡಲು ಹೋದಳು.

ನನ್ನ ಮಾತು ಸುಳ್ಳಲ್ಲ ಅಂತ ಈಗಲೂ ಅನ್ನಿಸುತ್ತದೆ. ಆದರೆ ಆ ಮಾತು ಮಾಡಿದ ಕೆಲಸ ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಜವಾಗಿ ಅವಳಿಗೆ ಬಾಗಿಲು ಮುಚ್ಚಿದೆಯಾ? ಬಿಷಪ್ ಹತ್ತಿರ ಹೋಗಬೇಕಂತೆ, ಹೌದಾ? ನಾನೇ ಫಾದರ್ ಹತ್ತಿರ ಹೋಗಿ ಹೇಳಿ ದಾರಿ ಮಾಡಿಕೊಡಲಾ?


ಕುಮಟಾಕಡೆಯವ:

ನೀವು ಹೇಳಿದ್ದರಲ್ಲಿ ತಪ್ಪೇನಿದೆ? ನಿಜವನ್ನೇ ಹೇಳಿದ್ದೀರಿ. ಈಗೀಗ ಎಲ್ಲದಕ್ಕೂ ಕರುಣೆ ಕರುಣೆ ಅಂತ ಶುರುವಾಗಿದೆ. ಬಾಯಿ ಇಲ್ಲದ ಆ ಕೂಸಿಗೆ ಕರುಣೆ ತೋರಿಸುವವರು ಯಾರು? ನಮ್ಮ ಧರ್ಮಸಭೆ (ಕ್ಯಾಥೋಲಿಕ್ ಚರ್ಚ್) ಮೊದಲಿನಿಂದ ಇದನ್ನು ಪಾಪ ಅಂತಲೇ ಹೇಳಿಕೊಂಡು ಬಂದಿದೆ, ಇವತ್ತಿಗೂ ಬದಲಾಗಿಲ್ಲ. ಅವಳು ಪ್ರಸಾದಕ್ಕೆ ಏಳದೇ ಇರುವುದು ಅವಳ ಮನಸ್ಸಾಕ್ಷಿ ಬದುಕಿದೆ ಅಂತ ತೋರಿಸುತ್ತದೆ, ನಿಮ್ಮ ತಪ್ಪಲ್ಲ. ಕುಮ್ಸಾರಿಗೆ, ಅಂದರೆ ಫಾದರ್ ಮುಂದೆ ಪಾಪ ಹೇಳಿಕೊಳ್ಳಲು, ಹೋಗು ಅಂತ ನೇರ ಹೇಳಿ, ಮುಗಿಯಿತು.


ಭಾನುವಾರದಮೇಷ್ಟ್ರು:

ಅಕ್ಕಾ, ಮೊದಲು ಕೊನೆಯ ಪ್ರಶ್ನೆಗೆ. ಬೇಡ, ದಯವಿಟ್ಟು ನೀವು ಫಾದರ್ ಹತ್ತಿರ ಹೋಗಿ ಹೇಳಬೇಡಿ. ಅದು ಅವಳ ಗುಟ್ಟು. ಒಬ್ಬರ ಕುಮ್ಸಾರನ್ನು ಇನ್ನೊಬ್ಬರು ಹೇಳಿಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ.

ನಾನು ಹೊನ್ನಾವರ ಕಡೆಯವನು, ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಾ ತಲೆ ಬೆಳ್ಳಗಾಯಿತು. ಬಹಿಷ್ಕಾರ ಅನ್ನುವ ಶಬ್ದ ಜನ ಎಷ್ಟು ಸುಲಭವಾಗಿ ಎಸೆಯುತ್ತಾರೆ ಅಂದರೆ, ಅದರ ಜೊತೆಗಿರುವ ಷರತ್ತುಗಳನ್ನು ಯಾರೂ ಓದಿರುವುದಿಲ್ಲ. 1983ರ ಧರ್ಮಸಭೆಯ ಕಾನೂನಿನಲ್ಲಿ ಅದು 1398ನೇ ನಿಯಮ. 2021ರ ಡಿಸೆಂಬರ್‌ನಿಂದ ಅದೇ ಮಾತು 1397ರಲ್ಲಿ ಇದೆ. ಗರ್ಭಪಾತ ಮಾಡಿಸಿದರೆ ತಾನಾಗಿಯೇ ಬಹಿಷ್ಕಾರ ಬೀಳುತ್ತದೆ ಅನ್ನುವುದು ನಿಜ. ಆದರೆ ಅದೇ ಪುಸ್ತಕದಲ್ಲಿ ಸ್ವಲ್ಪ ಹಿಂದೆ ಹೋದರೆ 1323, 1324 ಇವೆ. ಹದಿನಾರು ತುಂಬದವರಿಗೆ ಶಿಕ್ಷೆಯೇ ಇಲ್ಲ. ಹದಿನೆಂಟು ತುಂಬದವರಿಗೆ, ದೊಡ್ಡ ಹೆದರಿಕೆಯಿಂದಲೋ ಬೇರೆ ದಾರಿ ಕಾಣದೆಯೋ ಮಾಡಿದವರಿಗೆ, ಇಂಥ ಶಿಕ್ಷೆ ಇದೆ ಅಂತ ಗೊತ್ತೇ ಇಲ್ಲದವರಿಗೆ ಅದು ತಾನಾಗಿ ಬೀಳುವುದಿಲ್ಲ. ನೀವೇ ಅಂದಿರಲ್ಲ, "ಅಷ್ಟೂ ಗೊತ್ತಿಲ್ವಾ" ಅಂತ. ಗೊತ್ತಿರಲಿಲ್ಲ ಅಂದರೆ ಅಲ್ಲಿಗೇ ಅರ್ಧ ಉತ್ತರ ಸಿಕ್ಕಿತು. ಎಂಟು ತಿಂಗಳ ಕೂಸು, ಹೊಟ್ಟೆ ಮೇಲೆ ಹೊಲಿಗೆ, ಗಂಡನಿಗೆ ಕೆಲಸ ಇಲ್ಲ, ಅತ್ತೆ ಬೇಡ ಅಂದಿದ್ದಾರೆ. ಇದರಲ್ಲಿ ಹೆದರಿಕೆ ಎಷ್ಟು, ಸ್ವಂತ ಮನಸ್ಸು ಎಷ್ಟು ಅಂತ ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ, ನಿಮ್ಮ ಹತ್ತಿರವೂ ಇಲ್ಲ.

ಬಿಷಪ್ ಹತ್ತಿರ ಹೋಗಬೇಕು ಅನ್ನುವುದು ಹಳೇ ಮಾತು. ಪೋಪ್ ಫ್ರಾನ್ಸಿಸ್ ಕರುಣೆಯ ವರ್ಷ ಅಂತ ಮಾಡಿದರಲ್ಲ, 2015ರ ಡಿಸೆಂಬರ್‌ನಿಂದ, ಆಗ ಒಂದು ವರ್ಷದ ಮಟ್ಟಿಗೆ ಈ ಪಾಪ ಬಿಡಿಸುವ ಅಧಿಕಾರವನ್ನು ಎಲ್ಲ ಗುರುಗಳಿಗೂ ಕೊಟ್ಟರು. ವರ್ಷ ಮುಗಿದ ಮೇಲೆ, 2016ರ ನವೆಂಬರ್ 20ರ ಪತ್ರದಲ್ಲಿ, ಅದನ್ನು ಖಾಯಂ ಮಾಡಿದರು. ಹಾಗಾಗಿ ಯಾವ ಫಾದರ್ ಆದರೂ ಆಗುತ್ತದೆ. ನಮ್ಮೂರಿನವರೇ ಆಗಬೇಕಂತಿಲ್ಲ. ಗುರುತಿರುವ ಫಾದರ್ ಮುಂದೆ ಇಂಥದ್ದು ಹೇಳುವುದು ಕಷ್ಟ, ನಾಳೆ ಅವರೇ ಮನೆ ಭೇಟಿಗೆ ಬರುತ್ತಾರೆ. ಈ ನವೆಂಬರ್ 24ರಿಂದ ಹಳೇ ಗೋವಾದಲ್ಲಿ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರುವಾಗುತ್ತದೆ, ಡಿಸೆಂಬರ್ 3ಕ್ಕೆ ಸಂತ ಫ್ರಾನ್ಸಿಸ್ ಕ್ಸೇವಿಯರ್ ಫೆಸ್ತ್ (ಹಬ್ಬ). ರೈಲಿಗೆ ಹೋಗಿ ಕರ್ಮಲಿಯಲ್ಲಿ ಇಳಿದರೆ ಹತ್ತಿರ. ಕೊಂಕಣಿಯಲ್ಲೇ ಹೇಳಿಕೊಳ್ಳಬಹುದು, ಅಷ್ಟು ಜನರ ನಡುವೆ ಯಾರು ಯಾರನ್ನು ನೋಡುತ್ತಾರೆ.

ಕುಮಟಾದವರೇ, ಪಾಪ ಅಲ್ಲ ಅಂತ ನಾನೂ ಹೇಳುತ್ತಿಲ್ಲ. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಜೀವದ ವಿಷಯವಾಗಿ ದೊಡ್ಡ ಪತ್ರ ಬರೆದರು. ಗರ್ಭಪಾತದ ವಿರುದ್ಧ ಅದಕ್ಕಿಂತ ಗಟ್ಟಿಯಾಗಿ ಬರೆದದ್ದು ಕಡಿಮೆ. ಅದೇ ಪತ್ರದ 99ನೇ ಭಾಗದಲ್ಲಿ ಅವರು ತಿರುಗಿ ಗರ್ಭಪಾತ ಮಾಡಿಸಿಕೊಂಡ ಹೆಂಗಸರ ಹತ್ತಿರವೇ ಮಾತಾಡುತ್ತಾರೆ. ಕೈ ಚೆಲ್ಲಬೇಡಿ, ನಡೆದದ್ದನ್ನು ಸುಳ್ಳು ಹೇಳದೆ ನೋಡಿಕೊಳ್ಳಿ, ತಂದೆ ಕ್ಷಮಿಸಲು ಕಾಯುತ್ತಿದ್ದಾನೆ, ಮಗುವನ್ನೂ ಅವನ ಕೈಗೆ ಒಪ್ಪಿಸಿ ಅನ್ನುವ ಅರ್ಥದ ಮಾತು. ಬೈದು ಮುಗಿಸಿದ ಮೇಲೆ ಸೇರಿಸಿದ ಬಾಲಂಗೋಚಿ ಅಲ್ಲ ಅದು.

ಇನ್ನೊಂದು. ನೀವು ಮೀನಿನ ಮುಂದೆ ಕೂತು ಆಡಿದ ಮಾತು ಅಂದಿದ್ದಕ್ಕೆ ನೆನಪಾಯಿತು. ಯೊವಾನ್ನನ ಸುವಾರ್ತೆಯ ಕೊನೆಯ ಅಧ್ಯಾಯ. ಮೂರು ಸಲ "ಅವನು ಯಾರೋ ಗೊತ್ತಿಲ್ಲ" ಅಂದ ಪೇತ್ರ ದಡಕ್ಕೆ ಬರುತ್ತಾನೆ. ಯೇಸು ಅಲ್ಲಿ ಇದ್ದಿಲ ಬೆಂಕಿ ಹಾಕಿ ಮೀನು ಸುಡುತ್ತಾ ಇರುತ್ತಾನೆ. ಪೇತ್ರ ಸುಳ್ಳು ಹೇಳಿದ್ದೂ ಇದ್ದಿಲ ಬೆಂಕಿಯ ಹತ್ತಿರವೇ. ಯೇಸು ಯಾಕೆ ಹಾಗೆ ಮಾಡಿದೆ ಅಂತ ಕೇಳುವುದಿಲ್ಲ. ಬನ್ನಿ, ತಿನ್ನಿ ಅನ್ನುತ್ತಾನೆ. ತಿಂದಾದ ಮೇಲೆಯೇ ಮಾತು. ಆ ಮಾತೂ "ನನ್ನ ಮೇಲೆ ಪ್ರೀತಿ ಇದೆಯಾ" ಅಂತ, ಅಷ್ಟೇ. ಕರಾವಳಿಯ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.


ವಾರ್ಡ್‌ಡ್ಯೂಟಿ:

ನಾನು ನರ್ಸ್, ಈ ಜಿಲ್ಲೆಯಲ್ಲೇ ಕೆಲಸ, ನಾನೂ ಕ್ರೈಸ್ತಳು. ಧರ್ಮದ ವಿಷಯ ಮೇಷ್ಟ್ರು ಹೇಳಿದ್ದಾರೆ, ನನಗೆ ಕಂಡದ್ದು ನಾನು ಹೇಳುತ್ತೇನೆ.

ಗರ್ಭ ತೆಗೆಯುವ ಟೇಬಲ್ ಹತ್ತಿರ ನಿಲ್ಲುವುದಿಲ್ಲ ಅಂತ ನಾನು ಮೊದಲೇ ಹೇಳಿಕೊಂಡಿದ್ದೇನೆ. ಆದರೆ ಆಮೇಲೆ ವಾರ್ಡಿಗೆ ಬಂದವಳಿಗೆ ಗಂಜಿ ಕೊಡುವುದಿಲ್ಲ ಅಂತ ಹೇಳಿಲ್ಲ. ಹಾಗೆ ಬಂದವರಲ್ಲಿ ನಗುತ್ತಾ ಬಂದವರನ್ನು ನಾನು ನೋಡಿಲ್ಲ. ಗೋಡೆ ಕಡೆ ತಿರುಗಿ ಮಲಗುತ್ತಾರೆ. ಅವರಿಗೆ ನೆನಪಿರುವುದು ತೆಗೆಸಿದ ದಿನ ಅಲ್ಲ, ಹೆರಿಗೆ ಆಗಬೇಕಿದ್ದ ತಿಂಗಳು. ಎಷ್ಟು ವರ್ಷ ಆದರೂ ಆ ತಿಂಗಳು ಬಂದಾಗ ಅವರು ಸುಸ್ತಾಗುತ್ತಾರೆ, ಮನೆಯವರಿಗೆ ಕಾರಣವೇ ಗೊತ್ತಿರುವುದಿಲ್ಲ. ನಿಮ್ಮ ತಮ್ಮನ ಹೆಂಡತಿಗೆ ಅದು ಯಾವ ತಿಂಗಳು ಅಂತ ಲೆಕ್ಕ ಹಾಕಿ ನೋಡಿ, ಕೇಳಬೇಡಿ, ಸುಮ್ನೆ ಲೆಕ್ಕ ಹಾಕಿ ಇಟ್ಟುಕೊಳ್ಳಿ.

ವಾಡೆಗೆ ಸುದ್ದಿ ಹೋಯಿತು ಅಂದಿರಲ್ಲ, ಅದು ಓದಿ ಸಿಟ್ಟು ಬಂತು. ಗರ್ಭಪಾತದ 1971ರ ಕಾನೂನನ್ನು 2021ರಲ್ಲಿ ತಿದ್ದಿದಾಗ ಇದನ್ನು ಬಿಗಿಯಾಗಿ ಹೇಳಿದ್ದಾರೆ. ಯಾರಿಗೆ ಮಾಡಿದೆವು ಅನ್ನುವ ಹೆಸರು, ವಿವರವನ್ನು ಡಾಕ್ಟರು ಕಾನೂನು ಒಪ್ಪಿದವರಿಗೆ ಬಿಟ್ಟು ಬೇರೆ ಯಾರಿಗೂ ಹೇಳುವ ಹಾಗಿಲ್ಲ, ಹೇಳಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಅದರದ್ದೇ ರಿಜಿಸ್ಟರ್ ಕೂಡ ಗುಟ್ಟಿನದು. ಇನ್ನೊಂದು ಮಾತು, ಹದಿನೆಂಟು ದಾಟಿದ ಹೆಂಗಸಾದರೆ ಅವಳ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ, ಅತ್ತೆಯ ಸಹಿ ಕಾನೂನು ಕೇಳುವುದಿಲ್ಲ. ಹಾಗಂದ ಮೇಲೆ ಅದು ನಿಜವಾಗಿ ಅವಳ ಒಪ್ಪಿಗೆಯೇ ಆಗಿರಬೇಕು ಅಲ್ವಾ? ಗಂಡನನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಕೇಳಬೇಕು. ಎಷ್ಟೋ ಕಡೆ ಫೈಲ್ ಗಂಡನ ಕೈಯಲ್ಲಿರುತ್ತದೆ, ಉತ್ತರವನ್ನೂ ಅವನೇ ಕೊಡುತ್ತಾನೆ.

ಅವಳಿಗೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕಿದ್ದು ಏನು ಮಾಡಲಿ ಅನ್ನುವ ಥರ ಮಾತು ಬಂದರೆ ಪ್ರಾರ್ಥನೆ ಒಂದಕ್ಕೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.


ಶಿರಸಿಪೇಟೆ:

ನಾನು ನಿಮ್ಮ ಮತದವಳಲ್ಲ, ನಿಮ್ಮ ಕಾನೂನೂ ಗೊತ್ತಿಲ್ಲ. ನಮ್ಮಲ್ಲಿ ಇಂಥದ್ದನ್ನು ವಿಚಾರಣೆ ಮಾಡುವುದು ಪುರೋಹಿತರಲ್ಲ, ಓರಗಿತ್ತಿಯರು. ನನ್ನ ಚಿಕ್ಕಮ್ಮನಿಗೆ ಹೀಗೇ ಆಗಿತ್ತು, ನಾನಾಗ ಸಣ್ಣವಳು. ಅಡಕೆ ಸುಲಿಯಲು ಕೂತವರು ಅವಳು ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ಆಮೇಲೆ ಅವಳು ಬೇರೆ ಮೂಲೆಯಲ್ಲಿ ಒಬ್ಬಳೇ ಕೂತು ಸುಲಿಯಲು ಶುರು ಮಾಡಿದಳು, ಸಾಯುವವರೆಗೂ ಅದೇ ಮೂಲೆ. ಯಾರೂ ಅವಳನ್ನು ಹೋಗು ಅನ್ನಲಿಲ್ಲ ಮಾರಾಯ್ತಿ. ನಿಮ್ಮ ಬೆಂಚಿನ ತುದಿ ಓದಿದಾಗ ಆ ಮೂಲೆ ಕಣ್ಣಿಗೆ ಬಂತು.


ಹೆಸರುಬೇಡ:

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ನಾನು ನಿಮ್ಮ ತಮ್ಮನ ಹೆಂಡತಿಯ ಜಾಗದಲ್ಲಿ ಇದ್ದವಳು. ಒಂಬತ್ತು ವರ್ಷ ಆಯಿತು.

ನನಗೆ ಯಾರೂ ಬೈಯಲಿಲ್ಲ, ಯಾಕೆಂದರೆ ನಾನು ಯಾರಿಗೂ ಹೇಳಲಿಲ್ಲ. ನವೆಂಬರ್ 2ಕ್ಕೆ ಸತ್ತವರ ದಿನ ಎಲ್ಲರೂ ತಮ್ಮ ತಮ್ಮವರ ಗೋರಿ ಮೇಲೆ ಮೇಣದ ಬತ್ತಿ ಹಚ್ಚುತ್ತಾರಲ್ಲ, ನಾನು ಮಾವನವರ ಗೋರಿಗೆ ಹಚ್ಚಿ, ಒಂದು ಬತ್ತಿ ಉಳಿಸಿಕೊಂಡು ಕಾಂಪೌಂಡಿನ ಮೂಲೆಗೆ ಹೋಗುತ್ತಿದ್ದೆ. ಸಮುದ್ರದ ಗಾಳಿಗೆ ಬತ್ತಿ ನಿಲ್ಲುವುದಿಲ್ಲ, ಅದಕ್ಕೆ ಮನೆಯಿಂದ ಒಂದು ಗೆರಟೆ ತೆಗೆದುಕೊಂಡು ಹೋಗಿ ಅದರೊಳಗೆ ಇಡುತ್ತಿದ್ದೆ. ಯಾರಿಗೆ ಇದು ಅಂತ ಗಂಡ ಕೇಳಿದರೆ "ಯಾರೂ ಇಲ್ಲದವರಿಗೆ" ಅನ್ನುತ್ತಿದ್ದೆ. ಅವರಿಗೆ ಗೊತ್ತಿತ್ತು. ಮುಂದೆ ಕೇಳುತ್ತಿರಲಿಲ್ಲ.

ನನ್ನನ್ನು ತಿಂದದ್ದು ಬಹಿಷ್ಕಾರ ಅಲ್ಲ, ಮಗು ಎಲ್ಲಿದೆ ಅನ್ನುವುದು. ದೀಕ್ಷಾಸ್ನಾನ ಆಗದ ಕೂಸು ಸ್ವರ್ಗಕ್ಕೂ ಇಲ್ಲ ನರಕಕ್ಕೂ ಇಲ್ಲ, ಲಿಂಬೊದಲ್ಲಿ ಇರುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ಕೊನೆಗೆ ಒಬ್ಬ ವಯಸ್ಸಾದ ಫಾದರ್ ಹತ್ತಿರ ಕುಮ್ಸಾರ್ ಹೇಳಿದೆ. ಅವರು ಮೊದಲು ಕೇಳಿದ್ದು ಊಟ ಮಾಡಿದ್ದೀಯಾ ಅಂತ. ಲಿಂಬೊ ಧರ್ಮಸಭೆ ಕಟ್ಟಾಗಿ ಕಲಿಸುವ ಬೋಧನೆ ಅಲ್ಲವಂತೆ, 2007ರಲ್ಲಿ ವ್ಯಾಟಿಕನ್‌ನ ದೈವಶಾಸ್ತ್ರದ ಆಯೋಗ ಅಂಥ ಕೂಸುಗಳ ರಕ್ಷಣೆಯ ಬಗ್ಗೆ ಭರವಸೆ ಇಡಲು ಕಾರಣ ಇದೆ ಅಂತ ಬರೆದಿದೆಯಂತೆ, ಅವರೇ ಹೇಳಿದರು. ಮಗುವಿಗೆ ಒಂದು ಹೆಸರು ಇಡು ಅಂದರು. ಇಟ್ಟೆ. ಇಲ್ಲಿ ಬರೆಯುವುದಿಲ್ಲ.

ಈಗ ನಿಮಗೆ ಒಂದು ಮಾತು ಅಕ್ಕ. ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ಅವಳು ಕಾಲು ಓರೆ ಮಾಡಿ ದಾರಿ ಬಿಡುತ್ತಾಳೆ ಅಂತ ಬರೆದಿದ್ದೀರಿ. ಯಾರಿಗೆ ದಾರಿ ಬಿಡುತ್ತಾಳೆ ನೋಡಿ. ಬೇಡ ಅಂದ ನಿಮ್ಮ ಅಮ್ಮನಿಗೆ. ಕರೆದುಕೊಂಡು ಹೋದ ನಿಮ್ಮ ತಮ್ಮನಿಗೆ. ಅವರಿಬ್ಬರೂ ಪ್ರತಿ ಭಾನುವಾರ ಅವಳ ಕಾಲು ದಾಟಿ ಹೋಗಿ ಪ್ರಸಾದ ತೆಗೆದುಕೊಂಡು ಬರುತ್ತಿದ್ದಾರೆ, ಅದರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ.


ಭಾನುವಾರದಮೇಷ್ಟ್ರು:

ಅಯ್ಯೋ, ನಾನೂ ಅದನ್ನು ದಾಟಿಕೊಂಡೇ ಹೋದೆ ನೋಡಿ. ನಿಯಮದ ನಂಬರೆಲ್ಲ ಹೇಳಿದೆ, ಇದು ಕಾಣಲಿಲ್ಲ. 1329ನೇ ನಿಯಮ ಇದೆ: ಯಾರ ಕೈ ಇಲ್ಲದೆ ಆ ಕೆಲಸ ಆಗುತ್ತಲೇ ಇರಲಿಲ್ಲವೋ, ಅವರಿಗೂ ಅದೇ ಶಿಕ್ಷೆ ಅಂಟುತ್ತದೆ, ಗಂಡಸಾದರೂ ಸರಿ. 1995ರ ಆ ಪತ್ರದಲ್ಲೂ ಮಗುವಿನ ತಂದೆಯ ಹೊಣೆ ನೇರವಾಗಿ ಬಂದಿದೆ, ಒತ್ತಾಯ ಮಾಡಿದವನದ್ದೂ, ಅವಳನ್ನು ಒಬ್ಬಳೇ ಬಿಟ್ಟವನದ್ದೂ. ಹಾಗಂತ ಈಗ ತಮ್ಮನ ಮೇಲೆ ಹಾರಬೇಡಿ, ಅವನಿಗೂ ಅದೇ ಬಾಗಿಲು ತೆರೆದಿದೆ. ಆದರೆ ಇಬ್ಬರ ಭಾರವನ್ನು ಅವಳೊಬ್ಬಳೇ ಹೊರುವುದು ಬೇಡ.


ಕುಮಟಾಕಡೆಯವ:

ಗಂಡಸಿನ ವಿಷಯ ನನಗೂ ಹೊಳೆದಿರಲಿಲ್ಲ, ಒಪ್ಪುತ್ತೇನೆ. ಜಪಮಾಲೆಯಲ್ಲಿ ಮುಖ ನೋಡಿ ಬಿನ್ನಹ ಇಟ್ಟದ್ದೂ ಸರಿಯಲ್ಲ, ಅದು ಪ್ರಾರ್ಥನೆ ಅಲ್ಲ, ಕಲ್ಲು. ಉಳಿದದ್ದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಮೃದುವಾಗಿ ಹೇಳಲು ಹೋಗಿ ಕೂಸನ್ನು ಮರೆಯುವುದು ಬೇಡ.


ಹೆಸರುಬೇಡ:

ನಾನು ಮರೆತಿಲ್ಲ ಸರ್.


ಕಾಳಿದಂಡೆ:

ಹತ್ತು ದಿನ ಇಲ್ಲಿಗೆ ಬರಲಿಲ್ಲ. ಹೆಸರುಬೇಡ ಅವರ ಮಾತು ಓದಿ ಫೋನ್ ಆಚೆ ಇಟ್ಟಿದ್ದೆ. ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನನ್ನ ತಮ್ಮ, ನನ್ನ ಅಮ್ಮ. ಆಮೇಲೆ ಭಾನುವಾರ ಬಂತು, ಅವನ ಪ್ಯಾಂಟು ಅವಳ ಮೊಣಕಾಲಿಗೆ ಸವರಿಕೊಂಡು ಹೋದದ್ದನ್ನು ಮೊದಲ ಸಲ ನೋಡಿದೆ. ನನ್ನ ಸರದಿ ಬಂದಾಗ ಕಾಲು ಏಳಲಿಲ್ಲ.

ಶುಕ್ರವಾರ ಪೇಟೆಯಿಂದ ತಾರ್ಲೆ ತಂದು ಅದೇ ಹಿತ್ತಲಲ್ಲಿ ನಾನೇ ಮೆಟ್ಟುಗತ್ತಿ ಹಿಡಿದು ಕೂತೆ. ಅವಳು ಬಟ್ಟೆ ಒಣಗಿಸುತ್ತಿದ್ದಳು. "ಅವತ್ತು ನಾನು ಹಾಗೆ ಅಂದದ್ದು ತಪ್ಪು, ನೀನು ಹೇಳಿಕೊಳ್ಳಲು ಬಂದಿದ್ದೆ, ನಾನು ತೀರ್ಪು ಕೊಟ್ಟೆ" ಅಂದೆ. ಬೇರೆ ಏನೇನೋ ತಯಾರಿ ಮಾಡಿಕೊಂಡು ಹೋಗಿದ್ದೆ, 2016, ಪೋಪ್, ಎಲ್ಲ. ಒಂದೂ ಬಾಯಿಗೆ ಬರಲಿಲ್ಲ. ಅವಳು ತುಂಬಾ ಹೊತ್ತು ಬಟ್ಟೆ ಕೊಡವುತ್ತಲೇ ಇದ್ದಳು. ಆಮೇಲೆ ಹತ್ತಿರ ಬಂದು "ಸರಿಯಿರಿ ಅಕ್ಕ, ನಿಮಗೆ ಮೀನು ಹೆರೆಯಲು ಬರುವುದಿಲ್ಲ, ಅರ್ಧ ಮಾಂಸ ಅಲ್ಲೇ ಹೋಗುತ್ತಿದೆ" ಅಂದಳು. ಸರಿದು ಕೂತೆ. ಅವಳು ಮೀನು ಮಾಡುತ್ತಾ ಅತ್ತಳು, ನಾನೂ ಅತ್ತೆ. ಜುಲೈ ಅಂತೆ, ಹೆರಿಗೆ ಆಗಬೇಕಿದ್ದದ್ದು. ನಾನು ಲೆಕ್ಕ ಹಾಕಿದ್ದು ಜೂನ್.

ತಮ್ಮನ ಹತ್ತಿರವೂ ಮಾತಾಡಿದೆ. ಅವನು ಪೂರ್ತಿ ಕೇಳಲಿಲ್ಲ, ಬೈಕ್ ತೆಗೆದುಕೊಂಡು ಹೋದವನು ರಾತ್ರಿ ಊಟಕ್ಕೂ ಬರಲಿಲ್ಲ. ಅಮ್ಮನ ಹತ್ತಿರ ಇನ್ನೂ ಬಾಯಿ ಬಿಟ್ಟಿಲ್ಲ, ಧೈರ್ಯ ಸಾಲುವುದಿಲ್ಲ. ಜಪಮಾಲೆಯಾಕೆಗೆ ಮಾತ್ರ ಹೇಳಿದೆ, ಮುಂದಿನ ಸಲ ನಮ್ಮ ಮನೆಯಲ್ಲಿ ಬಿನ್ನಹ ಇಡುವಾಗ ಕಣ್ಣು ಮುಚ್ಚಿಕೊಂಡು ಇಡಿ ಅಂತ. ಈಗ ಆಕೆ ನನ್ನ ಹತ್ತಿರ ಮಾತಾಡುವುದಿಲ್ಲ, ಹೋಗಲಿ.

ಈ ಭಾನುವಾರ ಸಾಲು ಶುರುವಾಯಿತು. ಅವಳು ಎಂದಿನಂತೆ ಕಾಲು ಓರೆ ಮಾಡಿದಳು. ತಮ್ಮ ಏಳಲಿಲ್ಲ. ಕೈ ಕಟ್ಟಿಕೊಂಡು ಮುಂದೆ ನೋಡುತ್ತಾ ಕೂತೇ ಇದ್ದ. ಅವಳು ಅವನ ಕಡೆ ಒಂದು ಸಲ ತಿರುಗಿ ನೋಡಿದಳು. ಅಮ್ಮ ಏಳು ಏಳು ಅಂತ ಹಿಂದಿನಿಂದ ಅವನ ಹೆಗಲು ತಟ್ಟಿದರು, ಅವನು ಅಲ್ಲಾಡಲಿಲ್ಲ.

ಬುಧವಾರ ಇಬ್ಬರೂ ರೈಲಿಗೆ ಹೋಗುತ್ತಾರಂತೆ, ನೊವೆನಾಕ್ಕೆ. ಮಗಳನ್ನು ಸಂಜೆವರೆಗೆ ನನ್ನ ಹತ್ತಿರ ಬಿಡಲಾ ಅಂತ ಕೇಳಿದಳು. ಬಿಡು, ಊಟ ಕಟ್ಟಿಕೊಡುತ್ತೇನೆ ಅಂದೆ.